ತೊಕುಜಿಯ ಜಲಪಾತದ ತಪಸ್ಸು

ಇಶಿಗಾಮಿ ತೊಕುಜಿ ಓಸಾವ ಹಳ್ಳಿಯ ಮಹಾತಪಸ್ವಿಯಾದದ್ದು ಒಂದು ಒದ್ದೆ ಪ್ಯಾಂಟಿನ ದೆಸೆಯಿಂದ. ಬೇರೆ ತಪಸ್ವಿಗಳು ಮನೆಮಠ ಬಿಟ್ಟು, ಅನ್ನನೀರು ಬಿಟ್ಟು ಆ ಪದವಿಗೆ ಏರಿದವರು. ತೊಕುಜಿ ಬಿಟ್ಟದ್ದು ಪ್ಯಾಂಟು ಒಂದನ್ನೇ, ಅದನ್ನೂ ಹಿಂಡಿ ತೋಳಿನ ಮೇಲೆ ಹಾಕಿಕೊಂಡಿದ್ದ. ಆದರೆ ಊರು ಕೇಳಬೇಕಲ್ಲ!

ಸ್ವಲ್ಪ ಹಿಂದಿನಿಂದ ಹೇಳಬೇಕು. ತೊಕುಜಿ ಬೆಟ್ಟದ ಬಸ್ಸು ಓಡಿಸಿ ನಿವೃತ್ತನಾದವನು. ತಿರುವಿಗೊಂದು ಸಿಗರೇಟು ಸೇದಿದವನು. ಆ ದಾರಿಯಲ್ಲಿ ತಿರುವುಗಳಿಗೇನೂ ಬರವಿಲ್ಲ. ಹೋದ ವರ್ಷ ವಸಂತದಲ್ಲಿ ಪೇಟೆಯ ಡಾಕ್ಟರು ಅವನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, "ಇದು ಶ್ವಾಸಕೋಶವೋ, ನಿಮ್ಮ ಮನೆ ಹೊಗೆಗೂಡೋ?" ಎಂದು ಕೇಳಿದರು. ಇನ್ನು ಒಂದೇ ಒಂದು ಸಿಗರೇಟು ಮುಟ್ಟಿದರೂ ತಮ್ಮ ಹತ್ತಿರ ಬರಬೇಡಿ, ನೇರವಾಗಿ ಅಂತ್ಯಕ್ರಿಯೆ ಮಾಡಿಸುವ ದೇವಾಲಯದ ಭಿಕ್ಷುವಿನ ಹತ್ತಿರ ಹೋಗಿ ಎಂದರು. ತೊಕುಜಿ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನು ಯಾವಾಗಲೂ ಗಟ್ಟಿ.

ಜೊತೆಗೆ ಹೋಗಿದ್ದ ಅವನ ಹೆಂಡತಿ ಫುಸಾಯೆ ತಲೆಯಾಡಿಸಲಿಲ್ಲ. ಬಸ್ಸಿಳಿದವಳೇ ಮನೆಗೂ ಹೋಗದೆ, ಶಿರಾಗಾ ಜಲಪಾತಕ್ಕೆ ಹೋಗುವ ಕಾಲುದಾರಿಯ ಬುಡದಲ್ಲಿ ನಿಂತಳು. ಮಂಡಿನೋವಿನಿಂದ ಅವಳು ಮೇಲೆ ಹತ್ತುವ ಹಾಗಿರಲಿಲ್ಲ. ಕೆಳಗಿನಿಂದಲೇ, ಮೇಲೆ ನೀರಿನ ಪಕ್ಕದಲ್ಲಿ ಕತ್ತಿ ಹಿಡಿದು ಮುಖ ಗಂಟಿಕ್ಕಿ ನಿಂತಿರುವ ಫುದೋ ದೇವರಿಗೆ ಕೈ ಮುಗಿದು, "ಇವರು ಸಿಗರೇಟು ಮುಟ್ಟದೆ ಇರಲಿ ಸ್ವಾಮಿ, ನಾನು ಚಹಾ ಮುಟ್ಟೋದಿಲ್ಲ" ಎಂದು ಹರಕೆ ಹೊತ್ತಳು.

ಬೇರೆ ಊರಿನವರಿಗೆ ಇದು ಏನೂ ಅಲ್ಲವೆನಿಸಬಹುದು. ಓಸಾವದಲ್ಲಿ ಚಹಾಗಿಡ ಮನೆಯ ಹೊಸ್ತಿಲಿನಿಂದ ಶುರುವಾಗಿ ಮೋಡದವರೆಗೆ ಹೋಗುತ್ತದೆ. ಮಾತಿಗೆ ಮುಂಚೆ ಚಹಾ, ಮಾತಿನ ನಡುವೆ ಚಹಾ, ಮಾತು ಮುಗಿದು ಎದ್ದು ನಿಂತಮೇಲೆ ಮತ್ತೊಂದು ಬಟ್ಟಲು ಚಹಾ. ಅದರಲ್ಲೂ ಫುಸಾಯೆ ಬಟ್ಟಲನ್ನು ಮೂಗಿನ ಹತ್ತಿರ ತಂದರೆ ಸಾಕು, ಇದು ಯಾರ ಇಳಿಜಾರಿನ ಎಲೆ, ಬೆಳಗಿನ ಬಿಸಿಲು ಬಿದ್ದದ್ದೋ ಸಂಜೆಯದೋ ಎಂದು ಹೇಳುವಂಥವಳು. ಅಂಥವಳು ಒಂದು ವರ್ಷ ಬರೀ ಬಿಸಿನೀರು ಕುಡಿದಳು. ಹೋದ ವರ್ಷದ ಹೊಸ ಎಲೆಯನ್ನು ತಾನೇ ಕಿತ್ತು, ಹಬೆಗಿಟ್ಟು, ಹೊಸೆದು, ಡಬ್ಬಿಗೆ ತುಂಬಿ, ನೆಂಟರಿಗೆಲ್ಲ ಕಳಿಸಿ, ಒಂದು ತೊಟ್ಟನ್ನೂ ನಾಲಿಗೆಗೆ ತಾಗಿಸಲಿಲ್ಲ. ಯಾರ ಮನೆಗೆ ಹೋದರೂ ಬಟ್ಟಲನ್ನು ಕವುಚಿಡುತ್ತಿದ್ದಳು.

ತೊಕುಜಿ ಮಳೆಗಾಲ ಮುಗಿಯುವವರೆಗೆ ತಡೆದುಕೊಂಡ. ಆಮೇಲೆ ಅವನಿಗೆ ಡಾಕ್ಟರು ಹೇಳಿದ ಇನ್ನೊಂದು ಮಾತು ನೆನಪಾಯಿತು: ದಿನಾ ನಡೆಯಬೇಕು. ನಡೆಯುವುದಕ್ಕೆ ಶಿರಾಗಾ ಜಲಪಾತಕ್ಕಿಂತ ಒಳ್ಳೆಯ ಜಾಗ ಉಂಟೇ? ದಾರಿ ಅರ್ಧ ಕುಸಿದಿತ್ತು, ಕರಡಿಯ ಭಯವಿತ್ತು, ನರಪಿಳ್ಳೆಯೂ ಅತ್ತ ಸುಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಫುಸಾಯೆಯ ಮಂಡಿ ಅಲ್ಲಿಗೆ ಬರಗೊಡುತ್ತಿರಲಿಲ್ಲ. ಕರಡಿ ಸದ್ದು ಕೇಳಿ ದೂರ ಸರಿಯಲೆಂದು ಸೊಂಟಕ್ಕೆ ಗಂಟೆ ಕಟ್ಟಿಕೊಂಡು ಅವನು ದಿನಾ ಹೊರಟ. ಫುದೋ ದೇವರ ವಿಗ್ರಹದ ಬೆನ್ನ ಹಿಂದೆ, ಅಲ್ಲಿ ಕೆತ್ತಿದ್ದ ಕಲ್ಲಿನ ಬೆಂಕಿಜ್ವಾಲೆಯ ಸಂದಿಯಲ್ಲಿ, ಸಿಗರೇಟು ತುಂಬಿದ ಒಂದು ತಗಡಿನ ಡಬ್ಬಿ ಇಟ್ಟ. ಸೇದಿ ಮುಗಿಸಿದ ಮೇಲೆ ವಾಸನೆ ಹೋಗಲೆಂದು ದೇವರ ಮುಂದೆ ಒಂದು ಹಿಡಿ ಊದುಬತ್ತಿ ಹಚ್ಚಿ, ಆ ಹೊಗೆಯನ್ನು ತಲೆಗೂ ಬಟ್ಟೆಗೂ ಚೆನ್ನಾಗಿ ಬಳಿದುಕೊಳ್ಳುತ್ತಿದ್ದ. ದೇವರಿಗೆ ಊದುಬತ್ತಿ, ತೊಕುಜಿಗೆ ಸಿಗರೇಟು, ಫುಸಾಯೆಗೆ ದೇವಸ್ಥಾನದ ಪರಿಮಳದ ಗಂಡ. ಯಾರಿಗೂ ನಷ್ಟವಿಲ್ಲದ ಏರ್ಪಾಡು.

ನಷ್ಟವಿದ್ದದ್ದು ಎಲ್ಲಿ ಎಂದು ಅವನಿಗೆ ಗೊತ್ತಿರಲಿಲ್ಲ ಎನ್ನಬೇಡಿ. ಸಂಜೆ ಫುಸಾಯೆ ಬಿಸಿನೀರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಊದಿಕೊಂಡು ಕುಡಿಯುವುದನ್ನು ನೋಡಿದಾಗ ಅವನ ಎದೆಯಲ್ಲಿ ಯಾರೋ ಚಿವುಟಿದಂತಾಗುತ್ತಿತ್ತು. ನಾಳೆ ಹೋಗಿ ಡಬ್ಬಿಯನ್ನು ಮಡುವಿಗೆ ಎಸೆದೇ ಬಿಡುತ್ತೇನೆ ಎಂದು ಶಪಥ ಮಾಡುತ್ತಿದ್ದ. ಮಾರನೆಯ ದಿನ ಮೇಲೆ ಹೋಗಿ, ಹೇಗೆ ಎಸೆಯುವುದೆಂದು ನಿಧಾನವಾಗಿ ಯೋಚಿಸಲು ಒಂದು ಸಿಗರೇಟು ಹಚ್ಚುತ್ತಿದ್ದ.

ಹೀಗಿರುವಾಗ ಹಿಮ ಕರಗುವ ಕಾಲದಲ್ಲಿ ಒಂದು ಬೆಳಿಗ್ಗೆ ಹಿಂದಿನ ಪೊದೆಯಲ್ಲಿ ಚಟಾರೆಂದಿತು. ಕರಡಿ ಎಂದು ಎಗರಿದ ತೊಕುಜಿ ಸೀದಾ ಮಡುವಿಗೆ ಬಿದ್ದ. ಪೊದೆಯಿಂದ ಹೊರಬಂದದ್ದು ಒಂದು ಕಾಡುಮೇಕೆ. ಅದು ಕತ್ತು ವಾರೆಮಾಡಿ ಇವನನ್ನು ಒಂದಷ್ಟು ಹೊತ್ತು ನೋಡಿ, ತನಗೇನೂ ಸಂಬಂಧವಿಲ್ಲವೆಂಬಂತೆ ಹೊರಟುಹೋಯಿತು. ಆ ನೀರಿನ ಚಳಿ ಏನೆಂದು ಹೇಳಲಿ! ತೊಕುಜಿ ಹೇಗೋ ಮೇಲೆ ಬಂದು, ಅಂಗಿ ಪ್ಯಾಂಟು ಬಿಚ್ಚಿ ಹಿಂಡಿ, ಬಿಳಿಯ ಒಳಬನಿಯನ್, ಬಿಳಿಯ ಉದ್ದ ಚಡ್ಡಿಯಲ್ಲಿ ಹಲ್ಲು ಕಟಕಟ ಕಡಿಯುತ್ತ ಕೆಳಗಿಳಿದ. ಅಂಥ ಸ್ಥಿತಿಯಲ್ಲೂ ಊದುಬತ್ತಿಯ ಶಾಸ್ತ್ರ ಮರೆತಿರಲಿಲ್ಲ.

ದಾರಿಯ ಕೊನೆಯ ತಿರುವಿನಲ್ಲಿ ಕಿನು ಅಜ್ಜಿಯ ಮೂಲಂಗಿ ಹೊಲ. ಕಿನು ಅಜ್ಜಿ ಗುದ್ದಲಿಯ ಮೇಲೆ ಗದ್ದ ಊರಿ ನಿಂತಿದ್ದಳು.

"ತೊಕುಜಿಯವರೇ, ಎಲ್ಲಿಗೆ ಹೋಗಿದ್ರಿ?"

"ಇ-ಇಲ್ಲೇ… ಸ್ವಲ್ಪ ಮೇ-ಮೇಲಕ್ಕೆ."

"ಓಹೋ, ಮೇಲಕ್ಕಾ."

ಅಷ್ಟೇ. ನಮ್ಮ ಕಡೆ ಎಲ್ಲಿಗೆ ಎಂದು ಕೇಳುವುದು ಮರ್ಯಾದೆ, ಎಲ್ಲಿಗೆಂದು ಹೇಳದಿರುವುದೂ ಮರ್ಯಾದೆ. ಅದಕ್ಕಿಂತ ಮುಂದೆ ಕೇಳಿದರೆ ಅದು ಪೊಲೀಸರ ಕೆಲಸವಾಗುತ್ತದೆ. ಮನೆಗೆ ಬೆಂಕಿ ಬಿದ್ದು ಓಡುತ್ತಿದ್ದರೂ ಮಂದಿ "ಇಲ್ಲೇ ಸ್ವಲ್ಪ" ಎಂದೇ ಓಡುತ್ತಾರೆ. ಕಿನು ಅಜ್ಜಿಗೆ ಕೇಳುವ ಹಾಗಿಲ್ಲ. ಕೇಳದೆ ಇದ್ದರೆ ಅವಳಿಗೆ ಊಟ ಸೇರುವುದಿಲ್ಲ. ಹಾಗಾಗಿ ತಾನೇ ಊಹಿಸಿಕೊಳ್ಳಬೇಕಾಯಿತು. ಅಡಿಯಿಂದ ಮುಡಿಯವರೆಗೆ ತಪಸ್ವಿಗಳು ಉಡುವಂಥ ಬಿಳಿ ಬಟ್ಟೆ. ತಲೆಯಿಂದ ನೀರು. ಮೈಯಿಂದ ಊದುಬತ್ತಿಯ ಪರಿಮಳ. ತುಟಿಗಳು ಅದೇನೋ ಮಂತ್ರ ಜಪಿಸುತ್ತಿವೆ. ಬರುತ್ತಿರುವುದು ಫುದೋ ದೇವರ ಜಲಪಾತದಿಂದ. ಇನ್ನೇನು ಬೇಕು? ಮೂಲಂಗಿಯನ್ನು ಅಲ್ಲೇ ಬಿಟ್ಟು ಕಿನು ಅಜ್ಜಿ ಊರಿನ ಕಡೆಗೆ ಓಡಿದಳು.

ತೊಕುಜಿ ಬಿಸಿ ನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ, ಬಟ್ಟೆ ಹಾಕಿಕೊಂಡು ಹೊರಬರುವಷ್ಟರಲ್ಲಿ ಫುಸಾಯೆ ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ರೀ, ಎಲ್ಲಾ ಗೊತ್ತಾಯ್ತು. ಕಿನು ಅಜ್ಜಿ ಬಂದು ಹೇಳಿದ್ಲು."

ತೊಕುಜಿಯ ಜೀವ ಬಾಯಿಗೆ ಬಂತು. ಅವನೂ ಧಡಾರನೆ ಮಂಡಿಯೂರಿ ಹಣೆಯನ್ನು ಚಾಪೆಗೆ ಒತ್ತಿದ. "ತಪ್ಪಾಯ್ತು ಕಣೇ."

"ತಪ್ಪಾ? ಇದಕ್ಕೆ ಯಾರಾದ್ರೂ ತಪ್ಪು ಅಂತಾರಾ? ನಾನು ಚಹಾ ಬಿಟ್ಟಿದ್ದೀನಿ ಅಂತ, ನೀವು ನನಗಿಂತ ದೊಡ್ಡ ವ್ರತ ಹಿಡಿದು, ಈ ಚಳೀಲಿ ಜಲಪಾತದ ಕೆಳಗೆ ನಿಂತು ನೀರು ಹುಯ್ಸ್ಕೋತಾ ಇದ್ದೀರಿ. ಬಾಯಿಬಿಟ್ಟು ಒಂದು ಮಾತೂ ಹೇಳಿಲ್ಲ. ಊದುಬತ್ತಿ ವಾಸನೆ ಬಂದಾಗ್ಲೇ ನಾನು ಅರ್ಥ ಮಾಡ್ಕೋಬೇಕಾಗಿತ್ತು. ನಾನೆಂಥ ದಡ್ಡಿ!"

ತೊಕುಜಿ ಹಣೆ ಎತ್ತಲಿಲ್ಲ. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗುತ್ತಿರಲಿಲ್ಲ. ಆದರೆ ಮದುವೆಯಾದಂದಿನಿಂದ ಅವಳು ತನ್ನನ್ನು ಅಷ್ಟು ಗೌರವದಿಂದ ಒಮ್ಮೆಯೂ ನೋಡಿರಲಿಲ್ಲ ಎಂಬುದು ಅವನಿಗೆ ಹಣೆ ಚಾಪೆಯಲ್ಲಿದ್ದಾಗಲೇ ಗೊತ್ತಾಗಿತ್ತು. "ಅಂಥ ದೊಡ್ಡದೇನಲ್ಲ ಬಿಡು" ಎಂದುಬಿಟ್ಟ. ಆ ಒಂದು ಮಾತಿಗೆ ಅವನು ತೆತ್ತ ಬೆಲೆಯೇ ಈ ಕಥೆ.

ಮೂರು ನಾಲ್ಕು ದಿನದಲ್ಲಿ ಊರ ಮುಖ್ಯಸ್ಥ ಅಮಾನೊ ಮನೆಗೆ ಬಂದ. ಜೊತೆಗೆ ಪೇಟೆಯ ಆಡಳಿತ ಕಚೇರಿಯ ಪ್ರವಾಸ ವಿಭಾಗದ ಶಿಮೊಮುರಾ ಎಂಬ ಕನ್ನಡಕದ ಅಧಿಕಾರಿ. ಇಬ್ಬರೂ ಎರಡೆರಡು ಬಟ್ಟಲು ಚಹಾ ಕುಡಿದು, ಹವೆಯ ವಿಚಾರ ಮುಗಿಸಿದ ಮೇಲೆ ಅಮಾನೊ ಮಾತು ತೆಗೆದ.

"ತೊಕುಜಿಯವರೇ, ನಮ್ಮ ಅಜ್ಜನ ಕಾಲದಲ್ಲಿ ಶಿರಾಗಾದಲ್ಲಿ ವರ್ಷಕ್ಕೊಂದ್ಸಲ ಜಲಪಾತ ತೆರೆಯೋ ಪೂಜೆ ಆಗ್ತಿತ್ತು. ತಪಸ್ವಿ ಒಬ್ಬರು ಮೊದಲು ನೀರಿನ ಕೆಳಗೆ ನಿಲ್ಲೋರು. ಆಮೇಲೆ ನಿಲ್ಲೋಕೆ ಯಾರೂ ಇಲ್ದೆ ಅದೂ ನಿಂತೋಯ್ತು. ಈಗ ದೇವರೇ ನಿಮ್ಮನ್ನ ಕೊಟ್ಟಿದ್ದಾನೆ."

"ಪ್ರವಾಸಿಗರು ಬರ್ತಾರೆ ಸರ್," ಎಂದ ಶಿಮೊಮುರಾ. "ಯಾರೂ ನೋಡದ ಜಲಪಾತ ಅಂದ್ರೆ ಈಗ ಎಲ್ಲರೂ ನೋಡೋಕೆ ಬರ್ತಾರೆ."

ತೊಕುಜಿ ಎರಡೂ ಕೈ ಅಡ್ಡ ಆಡಿಸಿದ. "ಅಯ್ಯೋ, ಅಂಥ ಯೋಗ್ಯತೆ ನನಗೆಲ್ಲಿ?"

ಅಮಾನೊ ತೃಪ್ತಿಯಿಂದ ತಲೆದೂಗಿದ. "ಹಾಗನ್ನಬೇಡಿ."

"ನಿಜವಾಗ್ಲೂ ನನ್ನ ಕೈಲಾಗಲ್ಲ."

"ಹಾಗನ್ನಬೇಡಿ, ಹಾಗನ್ನಬೇಡಿ."

"ನಾನು ಮಾಡೋದಿಲ್ಲ! ಖಂಡಿತ ಮಾಡೋದಿಲ್ಲ! ದಮ್ಮಯ್ಯ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ!"

ಅಮಾನೊ ಬಟ್ಟಲು ಕೆಳಗಿಟ್ಟು, ಕಣ್ಣೊರೆಸಿಕೊಂಡು, ನೆಲಕ್ಕೆ ಹಣೆ ಮುಟ್ಟಿಸಿದ. "ಇಷ್ಟು ಮನಸ್ಸಿಟ್ಟು ಒಪ್ಕೊಂಡೋರನ್ನ ನನ್ನ ಜೀವಮಾನದಲ್ಲಿ ನೋಡಿಲ್ಲ. ಊರಿನ ಪರವಾಗಿ ಧನ್ಯವಾದ."

ಅವರು ಹೋದಮೇಲೆ ತೊಕುಜಿ ಕಂಬಕ್ಕೆ ಒರಗಿ ಕೂತ. "ನಾನು ಬೇಡ ಅಂದೆ ಕಣೇ. ನೀನೇ ಕೇಳಿಸ್ಕೊಂಡೆಯಲ್ಲ?"

ಫುಸಾಯೆ ಬಟ್ಟಲುಗಳನ್ನು ಎತ್ತುತ್ತ ಆಶ್ಚರ್ಯಪಟ್ಟಳು. "ಬೇಡ ಅನ್ನೋದಿದ್ರೆ 'ಯೋಚನೆ ಮಾಡಿ ನೋಡ್ತೀನಿ' ಅನ್ನಬೇಕಿತ್ತಪ್ಪ. ಚಿಕ್ಕ ಮಗೂಗೂ ಗೊತ್ತು. ನೀವು ಬಾಯಿಬಿಟ್ಟು ಬೇಡ ಅಂದ್ರಿ, ಅದೂ ಮೂರು ಸಲ. ಮೂರು ಸಲ ಬೇಡ ಅಂದ್ರೆ ಒಪ್ಪಿದ ಹಾಗೆ ತಾನೆ?"

ತೊಕುಜಿ ತಲೆ ಚಚ್ಚಿಕೊಂಡ. ಭಯದಲ್ಲಿ ಮನುಷ್ಯ ತಾಯಿನುಡಿಯನ್ನೂ ಮರೆಯುತ್ತಾನೆ. ಮಾರನೆಯ ದಿನವೇ ಬಸ್ಸು ಹತ್ತಿ ಪೇಟೆಯ ಕಚೇರಿಗೆ ಹೋಗಿ, ಶಿಮೊಮುರಾನ ಮೇಜಿನ ಮುಂದೆ ನಿಂತು, ಗಂಭೀರವಾಗಿ, "ಆ ಪೂಜೆ ವಿಷಯ, ಯೋಚನೆ ಮಾಡಿ ನೋಡ್ತೀನಿ" ಎಂದ. ನಮ್ಮ ಊರಿನಲ್ಲಿ ಇದಕ್ಕಿಂತ ಕಠಿಣವಾದ ಮಾತೇ ಇಲ್ಲ. ಇಷ್ಟಕ್ಕೆ ಮುರಿದುಬಿದ್ದ ಸಂಬಂಧಗಳಿವೆ. ಆದರೆ ಶಿಮೊಮುರಾ ಕನ್ನಡಕ ತೆಗೆದು ಎದ್ದು ನಿಂತುಬಿಟ್ಟ. "ಯೋಚನೆ ಅಂದ್ರೆ ಧ್ಯಾನ ತಾನೆ ಸರ್? ಪೂಜೆವರೆಗೂ ಧ್ಯಾನದಲ್ಲೇ ಇರ್ತೀರಾ? ಇದನ್ನ ಭಿತ್ತಿಪತ್ರದಲ್ಲಿ ಹಾಕ್ಲೇಬೇಕು." ಒಮ್ಮೆ ಮನುಷ್ಯ ತಪಸ್ವಿಯಾದ ಎಂದಮೇಲೆ ಅವನ ಬೇಡವೂ ಬೇಕಾಗುತ್ತದೆ, ಯೋಚನೆಯೂ ಧ್ಯಾನವಾಗುತ್ತದೆ. ತೊಕುಜಿ ಬರಿಗೈಯಲ್ಲಿ ಬಸ್ಸು ಹತ್ತಿದ. ಅವನ ಜಾಗದಲ್ಲಿ ಬಂದಿದ್ದ ಹೊಸ ಡ್ರೈವರು ಎದ್ದು ನಮಸ್ಕಾರ ಮಾಡಿ, ಮುಂದಿನ ಸೀಟು ಒರೆಸಿ ಕೊಟ್ಟ.

ಅಂದು ಸಂಜೆ ಊರಿನ ಧ್ವನಿವರ್ಧಕ ಗರಗರ ಎಂದಿತು. ಸೇತುವೆಯ ಹತ್ತಿರ ಕರಡಿ ಕಾಣಿಸಿದೆ, ಮಕ್ಕಳು ಗುಂಪಾಗಿ ಹೋಗಬೇಕು. ಇಶಿಗಾಮಿ ತೊಕುಜಿಯವರು ಜಲಪಾತದ ತಪಸ್ಸಿಗೆ ದಯಮಾಡಿ ಒಪ್ಪಿದ್ದಾರೆ. ಒಡೆದ ಗಾಜಿನ ಕಸ ಗುರುವಾರ. ಬೆಟ್ಟ ಇದನ್ನೇ ಇನ್ನೊಮ್ಮೆ ಹೇಳಿತು.

ಮಾರನೆಯ ದಿನದಿಂದ ಬಾಗಿಲಲ್ಲಿ ಕಾಣಿಕೆ ಬೀಳತೊಡಗಿತು. ಮೂಲಂಗಿ, ಮೊಟ್ಟೆ, ಒಣಗಿಸಿದ ಪರ್ಸಿಮನ್ ಹಣ್ಣು, ಎಳೆಬಿದಿರು. ಕೊಟ್ಟವರಿಗೆ ತಿರುಗಿ ಕೊಡದಿದ್ದರೆ ಊರಿನಲ್ಲಿ ಮುಖ ಎತ್ತುವ ಹಾಗಿಲ್ಲ. ಫುಸಾಯೆ ಹೊತ್ತು ಹುಟ್ಟುವ ಮುಂಚೆ ಎದ್ದು ಸಿಹಿ ಕಾಳಿನ ಹೂರಣ ತುಂಬಿದ ಮೋಚಿ ಎಂಬ ಅಕ್ಕಿ ಉಂಡೆ ಕಟ್ಟಿ ಮನೆಮನೆಗೆ ಹಂಚಿದಳು. ತಪಸ್ವಿಯ ಮನೆಯಿಂದ ಬಂದ ಮೋಚಿ ಎಂದು ಅವರು ಅದಕ್ಕೆ ಪ್ರತಿಯಾಗಿ ಮತ್ತೆ ಮೂಲಂಗಿ ತಂದರು. ಅಂಗಳದಲ್ಲಿ ಮೂಲಂಗಿಯ ರಾಶಿ ಎದೆಮಟ್ಟ ಏರಿತು.

ಸಲಹೆ ಕೇಳುವವರೂ ಬಂದರು. ಕಿನು ಅಜ್ಜಿ ತನ್ನ ಮೇಲಿನ ಹೊಲವನ್ನು ಮಾರಲೋ ಬೇಡವೋ ಎಂದು ಕೇಳಿದಳು. ಮೂಗು ಕಟ್ಟಿಕೊಂಡಿದ್ದ ತೊಕುಜಿ ಉತ್ತರಿಸುವ ಮೊದಲು ದೊಡ್ಡದಾಗಿ ಸೀನಿದ. ಕಿನು ಅಜ್ಜಿ ಕೈಮುಗಿದು, "ತಿಳೀತು, ಮಾರಲ್ಲ" ಎಂದು ಹೊರಟುಹೋದಳು. ಸ್ವಲ್ಪ ದಿನದಲ್ಲಿ ಆ ಹೊಲದ ಪಕ್ಕಕ್ಕೆ ರಸ್ತೆ ಬರುತ್ತದೆಂದು ಸುದ್ದಿಯಾಯಿತು. ಅಲ್ಲಿಂದ ಮುಂದೆ ತೊಕುಜಿ ಸೀನುವ ಹಾಗೂ ಇರಲಿಲ್ಲ, ಸುಮ್ಮನಿರುವ ಹಾಗೂ ಇರಲಿಲ್ಲ.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ನೀರು. ಅವನ ಸೊಂಟದ ಗಂಟೆಯ ಸದ್ದು ಕೇಳಿದರೆ ಸಾಕು, ಕಾಲುದಾರಿಯ ಬುಡದಲ್ಲಿ ನಾಲ್ಕಾರು ಜನ ಕೈಮುಗಿದು ನಿಲ್ಲುತ್ತಿದ್ದರು. ಇಳಿದು ಬರುವವರೆಗೂ ಕದಲುತ್ತಿರಲಿಲ್ಲ. ಒಣಗಿದ ತಲೆಯಲ್ಲಿ ಇಳಿದು ಬರುವುದು ಹೇಗೆ? ಹೀಗಾಗಿ ಸಿಗರೇಟೊಂದಕ್ಕೆ ಮುಳುಗೊಂದರಂತೆ ತೊಕುಜಿ ಹಿಮದ ನೀರಿನಲ್ಲಿ ದಿನಾ ಮುಳುಗತೊಡಗಿದ. ತಪಸ್ಸಿನ ಸುಳ್ಳನ್ನು ಕಾಪಾಡಲು ಅವನಷ್ಟು ಘೋರ ತಪಸ್ಸನ್ನು ನಿಜವಾದ ತಪಸ್ವಿಗಳೂ ಮಾಡಿರಲಾರರು. ಹಾಗಿದ್ದರೆ ಸಿಗರೇಟು ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ಸೇದಿದವರಲ್ಲ, ಬಿಡಿ.

ಮನೆಯಲ್ಲಿ ಫುಸಾಯೆ ಬಿಳಿಯ ಹತ್ತಿಬಟ್ಟೆ ತಂದು ತಪಸ್ಸಿನ ನಿಲುವಂಗಿ ಹೊಲಿಯುತ್ತಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು. ಪಕ್ಕದಲ್ಲಿ ಬಿಸಿನೀರಿನ ಬಟ್ಟಲು. ಹೊರಗೆ ಚಹಾಗಿಡಗಳ ತಲೆಯ ಮೇಲೆ ಹೊಸ ಚಿಗುರು ಬಂದು, ಇಡೀ ಇಳಿಜಾರು ತಿಳಿಹಸಿರಾಗಿತ್ತು. ಗಾಳಿ ಬೀಸಿದಾಗ ಅದರ ವಾಸನೆ ಒಳಗೆ ಬರುತ್ತಿತ್ತು. ಫುಸಾಯೆ ಸೂಜಿ ನಿಲ್ಲಿಸಿ ಮೂಗಿನಿಂದ ಒಮ್ಮೆ ಉಸಿರೆಳೆದುಕೊಂಡು, ಮತ್ತೆ ಹೊಲಿಯುತ್ತಿದ್ದಳು.

"ಬೇಕು ಅನ್ಸಲ್ವಾ?" ಎಂದು ಒಮ್ಮೆ ತೊಕುಜಿ ತಡೆಯಲಾರದೆ ಕೇಳಿದ.

"ಅನ್ಸುತ್ತೆ. ಕನಸಲ್ಲೂ ಬರುತ್ತೆ," ಎಂದಳು ಅವಳು. "ಆದ್ರೆ ನೀವು ಉಸಿರಾಡೋ ಸದ್ದು ಈಗ ಎಷ್ಟು ಚೆನ್ನಾಗಿದೆ ಗೊತ್ತಾ? ನೀವು ನಿದ್ದೇಲಿದ್ದಾಗ ಕೇಳಿಸ್ಕೋತೀನಿ."

ತೊಕುಜಿ ಎದ್ದು ಹೊರಗೆ ಹೋಗಿ ಮೂಲಂಗಿ ರಾಶಿಯ ಹಿಂದೆ ನಿಂತ. ಕಣ್ಣು ಉರಿಯುತ್ತಿತ್ತು.

ಕಡೆಗೂ ಪೂಜೆಯ ದಿನ ಬಂತು. ಊರಿನವರು ಕುಸಿದ ದಾರಿಗೆ ಮರದ ದಿಮ್ಮಿ ಹಾಕಿ ಹಗ್ಗ ಕಟ್ಟಿದ್ದರು. ಜನವೋ ಜನ. ಎಷ್ಟು ಕಾಲದಿಂದಲೋ ಒಬ್ಬನೇ ನೋಡುತ್ತಿದ್ದ ಜಲಪಾತವನ್ನು ಅಷ್ಟು ಜನ ನೋಡುತ್ತಿದ್ದದ್ದು ತೊಕುಜಿಗೆ ತನ್ನ ಮನೆಯ ಸ್ನಾನದ ಕೋಣೆಗೆ ನೆಂಟರು ನುಗ್ಗಿದಂತೆ ಕಂಡಿತು. ಅವನು ಹೊಸ ಬಿಳಿ ನಿಲುವಂಗಿಯಲ್ಲಿ, ಬರಿಗಾಲಲ್ಲಿ, ಮಡುವಿನ ಅಂಚಿನಲ್ಲಿ ನಿಂತಿದ್ದ. ಒಂದು ಸಮಾಧಾನವಿತ್ತು: ಏನೇ ಆದರೂ ಫುಸಾಯೆ ಇಲ್ಲಿಗೆ ಬರಲಾರಳು.

ಅಷ್ಟರಲ್ಲಿ ಕೆಳಗಿನಿಂದ ಟಕಟಕಟಕ ಎಂದು ಸದ್ದು ಕೇಳಿತು. ಇಳಿಜಾರಿನ ತೋಟಗಳಿಂದ ಎಲೆಮೂಟೆ ಸಾಗಿಸುವ ಒಂಟಿಹಳಿಯ ಪುಟ್ಟ ಬಂಡಿ ಕಷ್ಟಪಟ್ಟು ಏರಿ ಬರುತ್ತಿತ್ತು. ಅದರ ಮೇಲೆ, ಎಲೆಮೂಟೆ ಇರಬೇಕಾದ ಜಾಗದಲ್ಲಿ, ಹಬ್ಬದ ಕಿಮೋನೊ ಉಟ್ಟು, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು, ಫುಸಾಯೆ ಕೂತಿದ್ದಳು.

"ಜನ ಹತ್ತಬಾರ್ದು ಅಂತ ಕಾನೂನಿದೆ," ಎಂದು ಅಮಾನೊ ಹೆಮ್ಮೆಯಿಂದ ವಿವರಿಸಿದ. "ಅದಕ್ಕೇ ಅವರನ್ನ ಮೂಟೆ ಅಂತ ಬರಸ್ಕೊಂಡು ಹತ್ತಿಸಿದ್ದೀವಿ."

ಶಿಮೊಮುರಾ ಮೈಕು ಹಿಡಿದು, ತಪಸ್ವಿಯವರ ಧರ್ಮಪತ್ನಿ ಎರಡು ಮಾತಾಡಬೇಕೆಂದ. ಫುಸಾಯೆ ಮೈಕಿನ ಕಡೆ ನೋಡಲೂ ಇಲ್ಲ. ಹಗ್ಗ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಫುದೋ ದೇವರ ಮುಂದೆ ಹೋಗಿ ಕೈಮುಗಿದಳು.

"ಸ್ವಾಮಿ, ಕೆಳಗಿಂದ ಕೂಗಿದ್ದೆ, ಕೇಳಿಸ್ತೋ ಇಲ್ವೋ ಅಂತ ಭಯ ಇತ್ತು. ನೀನು ಕೇಳಿಸ್ಕೊಂಡೆ. ಇವರ ಕೈಯಿಂದ ಸಿಗರೇಟು ಬಿಡಿಸಿದೆ. ನಿನ್ನ ಋಣ ದೊಡ್ಡದು. ಒಂದು ವರ್ಷ ಚಹಾ ಬಿಟ್ಟಿದ್ದೆ. ಇನ್ನು ನಾನು ಸಾಯೋವರೆಗೂ ಮುಟ್ಟಲ್ಲ. ಇವರನ್ನ ಹೀಗೇ ಇಟ್ಟಿರು."

ಕಿನು ಅಜ್ಜಿ ಗೊಳೋ ಎಂದು ಅತ್ತಳು. ಸಾಯುವವರೆಗೆ ಎಂಬ ಮಾತು ತೊಕುಜಿಯ ನೆತ್ತಿಯ ಮೇಲೆ ಬಿತ್ತು. ನೀರು ಇನ್ನೂ ಬಿದ್ದಿರಲಿಲ್ಲ.

"ನಿಲ್ಲು!" ಎಂದು ಅವನು ಕೂಗಿದ. "ಫುಸಾಯೆ, ನಿಲ್ಲು. ನಾನು ಸೇದ್ತೀನಿ. ಇಲ್ಲೇ ಸೇದ್ತೀನಿ. ದಿನಾ ಸೇದ್ತೀನಿ. ನಾನು ತಪಸ್ಸು ಮಾಡಿಲ್ಲ, ಏನೂ ಮಾಡಿಲ್ಲ. ಅವತ್ತು ಕಾಡುಮೇಕೆಗೆ ಹೆದರಿ ನೀರಿಗೆ ಬಿದ್ದೆ, ಅಷ್ಟೇ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಂಥ ವಿನಯ!" ಎಂದ ಅಮಾನೊ. "ತಪಸ್ವಿ ಅನ್ನೋ ಹೆಸರೂ ಬೇಡ ಅಂತಿದ್ದಾರೆ."

"ಅಲ್ಲಾ ಕಣಯ್ಯಾ, ನಿಜ ಹೇಳ್ತಿದ್ದೀನಿ! ನಾನು ಮೋಸಗಾರ!"

"ನಮ್ಮೆಲ್ಲರ ಪಾಪಾನೂ ತನ್ನ ಮೇಲೆ ಹಾಕ್ಕೊಳ್ತಿದ್ದಾರೆ, ಕೇಳಿಸ್ಕೊಳ್ರಪ್ಪ, ಕೇಳಿಸ್ಕೊಳ್ಳಿ. ನಾನೂ ಕಳ್ಳತನದಲ್ಲಿ ಸೇದ್ತೀನಿ. ನನ್ನ ಪರವಾಗಿ ಹೇಳಿದ್ರು," ಎಂದು ಅಮಾನೊ ಜನರ ಕಡೆ ತಿರುಗಿದ.

ತೊಕುಜಿ ದಡದಡ ಓಡಿ ಫುದೋ ದೇವರ ಬೆನ್ನ ಹಿಂದೆ ಕೈ ಹಾಕಿ, ತಗಡಿನ ಡಬ್ಬಿಯನ್ನು ಎಳೆದು ಮುಚ್ಚಳ ತೆಗೆದು ಎಲ್ಲರಿಗೂ ತೋರಿಸಿದ. ಅರ್ಧ ಖಾಲಿಯಾದ ಸಿಗರೇಟು ಪೊಟ್ಟಣ, ಲೈಟರು. "ಇದಕ್ಕೇನಂತೀರಿ? ಇದಕ್ಕೇನಂತೀರಿ ಈಗ?"

ಕಿನು ಅಜ್ಜಿ ಮೂಗೊರೆಸಿಕೊಂಡು ಮುಂದೆ ಬಂದಳು. "ನೈವೇದ್ಯ! ನಮ್ಮ ಯಜಮಾನ್ರ ಸಮಾಧಿಗೂ ನಾನು ಸಿಗರೇಟು ಹಚ್ಚಿ ಇಡ್ತೀನಪ್ಪ. ಅವರಿಗಿಷ್ಟ. ಫುದೋ ದೇವರಿಗೂ ಇಷ್ಟ ಅಂತ ಇಷ್ಟು ದಿನ ನಮಗೆ ಹೊಳೀಲೇ ಇಲ್ವಲ್ಲ!" ಜನರ ಗುಂಪಿನಿಂದ ಯಾರೋ ಒಬ್ಬ ಕೂಡಲೇ ಜೇಬಿನಿಂದ ಪೊಟ್ಟಣ ತೆಗೆದು, ಒಂದು ಸಿಗರೇಟು ಹಚ್ಚಿ, ಭಕ್ತಿಯಿಂದ ದೇವರ ಪಾದದಲ್ಲಿಟ್ಟ. ಇನ್ನೊಬ್ಬನೂ ಇಟ್ಟ. ಶಿಮೊಮುರಾ ಫೋಟೋ ತೆಗೆದ.

ಅಷ್ಟು ಜನರಲ್ಲಿ ತೊಕುಜಿಯ ಮಾತನ್ನು ನಂಬಿದವಳು ಒಬ್ಬಳೇ. ಅವಳು ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು, ಒಳಗೆ ನೋಡಿ, ಮುಚ್ಚಳ ಮುಚ್ಚಿದಳು. ಅವನ ಮುಖವನ್ನು ನೋಡಿದಳು. ತೊಕುಜಿ ಬೈಗುಳಕ್ಕೆ ಕಾದ, ಕಣ್ಣೀರಿಗೆ ಕಾದ. ಎರಡೂ ಬರಲಿಲ್ಲ.

"ಹೋಗಿ," ಎಂದಳು ಫುಸಾಯೆ. "ನೀರು ಕಾಯ್ತಾ ಇದೆ."

ತೊಕುಜಿ ಹೋಗಿ ನಿಂತ. ಶಿರಾಗಾದ ಅಷ್ಟೂ ನೀರು ಬೋಳು ನೆತ್ತಿಯ ಮೇಲೆ ಬಿತ್ತು. ಅವನು ನೀರಿನಡಿಯಲ್ಲಿ ಬಾಯಿಬಿಟ್ಟು ಅತ್ತ. ಎಷ್ಟು ಜೋರಾಗಿ ಅತ್ತರೂ ಅದು ಮಂತ್ರದ ಹಾಗೆಯೇ ಕಾಣುತ್ತಿತ್ತು. ಸಾಕು ಬನ್ನಿ ಎಂದು ಅಮಾನೊ ಕೈ ಬೀಸಿದರೂ ಹೊರಬರಲಿಲ್ಲ. ಕೊನೆಗೆ ಇಬ್ಬರು ಹೋಗಿ ಎಳೆದು ತರಬೇಕಾಯಿತು. ಇಂಥ ತಪಸ್ಸನ್ನು ನಾವು ಕಂಡೇ ಇಲ್ಲ ಎಂದು ಜನ ಈಗಲೂ ಹೇಳುತ್ತಾರೆ, ಮತ್ತು ಅದು ಪೂರಾ ಸುಳ್ಳೇನಲ್ಲ.

ಮಧ್ಯಾಹ್ನ ಮನೆಯ ತುಂಬ ಜನ. ತೊಕುಜಿ ದಪ್ಪ ಹತ್ತಿಯ ಕೋಟಿನಲ್ಲಿ ಮೂಟೆಯಾಗಿ, ಹೊದಿಕೆ ಇಳಿಬಿಟ್ಟು ಒಳಗೆ ಬಿಸಿ ಹಾಯಿಸಿದ ಮೇಜಿನ ಕೆಳಗೆ ಕಾಲು ತೂರಿಸಿ, ಗಡಗಡ ನಡುಗುತ್ತ ಕೂತಿದ್ದ. ಹೆಂಡತಿ ಒಳಗಿನಿಂದ ಬರುವುದನ್ನೇ ನೋಡುತ್ತಿದ್ದ.

ಫುಸಾಯೆ ತಟ್ಟೆ ಹಿಡಿದು ಬಂದಳು. ಹಿಂದಿನ ದಿನವಷ್ಟೇ ಅವಳು ಹೊಸೆದು ಒಣಗಿಸಿದ, ಆ ವರ್ಷದ ಮೊದಲ ಎಲೆಯ ಚಹಾ. ಕೆಟಲಿನ ಮುಚ್ಚಳ ತೆಗೆದ ಕೂಡಲೇ ಕೋಣೆಯ ತುಂಬ ಪರಿಮಳ ಹಬ್ಬಿ ಮಾತುಗಳೆಲ್ಲ ನಿಂತವು. ಅವಳು ಅಮಾನೊಗೆ ಬಗ್ಗಿಸಿದಳು, ಶಿಮೊಮುರಾಗೆ ಬಗ್ಗಿಸಿದಳು, ಕಿನು ಅಜ್ಜಿಗೆ ಬಗ್ಗಿಸಿದಳು. ಆಮೇಲೆ ತನ್ನ ಮುಂದೆ ಒಂದು ಬಟ್ಟಲು ಇಟ್ಟುಕೊಂಡು ಅದಕ್ಕೂ ಬಗ್ಗಿಸಿದಳು.

"ಫುಸಾಯೆ! ನಿನ್ನ ಹರಕೆ?" ಎಂದು ಕಿನು ಅಜ್ಜಿ ಹೌಹಾರಿದಳು.

"ಮುಗೀತು ಅಜ್ಜಿ," ಎಂದು ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಮೊದಲು ಬಹಳ ಹೊತ್ತು ಮೂಸಿದಳು. ಆಮೇಲೆ ಕಣ್ಣು ಮುಚ್ಚಿ ಕುಡಿದಳು. ಒಂದು ಬಟ್ಟಲು, ಅದಾದ ಮೇಲೆ ಇನ್ನೊಂದು. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲು ಹೋಗಲಿಲ್ಲ. "ನಮ್ಮ ಮೇಲಿನ ತೋಟದ್ದು. ಬೆಳಗಿನ ಬಿಸಿಲಿನ ಎಲೆ," ಎಂದಳು.

ಆಮೇಲೆ ಎದ್ದು, ಇನ್ನೊಂದು ಕೆಟಲಿನಿಂದ ಗಂಡನ ಬಟ್ಟಲಿಗೆ ಬರೀ ಬಿಸಿನೀರು ಹಾಕಿ ಮುಂದಿಟ್ಟಳು.

ಅಮಾನೊ ಅದನ್ನು ನೋಡಿದ. ಅವಳ ಬಟ್ಟಲನ್ನು ನೋಡಿದ. ಅವನ ಬಾಯಿ ತೆರೆದುಕೊಂಡಿತು. "ಅಯ್ಯೋ ದೇವರೇ! ಹೆಂಡತಿ ಹರಕೇನೂ ತಾವೇ ಹೊತ್ಕೊಂಡ್ರಾ? ಚಹಾನೂ ಬಿಟ್ರಾ? ಎಷ್ಟು ದಿನಕ್ಕೆ?"

"ಸಾಯೋವರೆಗೂ ಅಂತೆ," ಎಂದಳು ಫುಸಾಯೆ.

ಕೋಣೆಯಲ್ಲಿದ್ದವರೆಲ್ಲ ಬಟ್ಟಲು ಕೆಳಗಿಟ್ಟು ತೊಕುಜಿಗೆ ಬಗ್ಗಿ ನಮಸ್ಕರಿಸಿದರು. ತೊಕುಜಿ ಯಾರನ್ನೂ ನೋಡಲಿಲ್ಲ. ಬಟ್ಟಲನ್ನು ಎತ್ತಿ, ಊದಿ, ಒಂದು ಗುಟುಕು ಕುಡಿದ. ಅದಕ್ಕೆ ರುಚಿಯೇ ಇರಲಿಲ್ಲ. ವಾಸನೆಯೂ ಇರಲಿಲ್ಲ. ಗಂಟಲಲ್ಲಿ ಇಳಿದದ್ದೂ ಗೊತ್ತಾಗಲಿಲ್ಲ. ಇದನ್ನೇ ಅವಳು ಒಂದು ವರ್ಷ, ಬೆಳಿಗ್ಗೆ ಸಂಜೆ, ತನ್ನ ಎದುರಿಗೇ ಕೂತು ಕುಡಿದಿದ್ದಳು.

"ಹೇಗಿದೆ?" ಎಂದು ಫುಸಾಯೆ ಮೆಲ್ಲಗೆ ಕೇಳಿದಳು.

"ಚೆನ್ನಾಗಿದೆ," ಎಂದ ತೊಕುಜಿ.

"ಹಾಗಾದ್ರೆ ಇನ್ನೊಂದು ಬಟ್ಟಲು," ಎಂದು ಅವಳು ಅಂಚಿನವರೆಗೂ ತುಂಬಿಸಿದಳು.